ಆ ಕೊನೆಯ ಎರಡು ಬಕೆಟ್ ಹಾಕಿದ್ದು ಯಾರು? ನಮ್ಮ ಮಲೆನಾಡ ರಸ್ತೆಯ ಓವರ್‌ಲೋಡ್ ಲಾರಿಗಳ ಬಗ್ಗೆ

ಹೊಸನಗರದ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ಭಾನುವಾರ ನಮ್ಮೂರ ಹಳ್ಳದ ಮೋರಿ ಕುಸಿಯಿತು. ಕಲ್ಲು ಕಟ್ಟಿದ ಹಳೇ ಮೋರಿ. ಅಜ್ಜನ ಕಾಲದಲ್ಲಿ ಅದರ ಮೇಲೆ ಎತ್ತಿನ ಗಾಡಿ ಹೋಗುತ್ತಿತ್ತು. ಆಮೇಲೆ ಬಸ್ ಬಂತು, ಹಾಲಿನ ವ್ಯಾನ್ ಬಂತು, ಕೊಯ್ಲಿನ ಕಾಲಕ್ಕೆ ಅಡಿಕೆ ಲಾರಿಯೂ ಬಂತು. ಏನೂ ಆಗಿರಲಿಲ್ಲ. ಈ ವರ್ಷ ದೀಪಾವಳಿ ಕಳೆದ ಮೇಲೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಜಲ್ಲಿ ಹೊತ್ತ ಟಿಪ್ಪರ್‌ಗಳು ಓಡಾಡಲು ಶುರುವಾದವು. ಮೊದಲು ಡಾಂಬರಿನಲ್ಲಿ ಎರಡು ಗಾಡಿಜಾಡು ಬಿತ್ತು. ಆಮೇಲೆ ಮೋರಿಯ ಒಂದು ಬದಿಯ ಕಲ್ಲು ಸಡಿಲವಾಯಿತು. ನಾವು ನೋಡಿದೆವು, ಮಾತಾಡಿಕೊಂಡೆವು, ಸುಮ್ಮನಾದೆವು. ಭಾನುವಾರ ಬೆಳಿಗ್ಗೆ ಏಳೂವರೆಗೆ ಒಂದು ಟಿಪ್ಪರ್‌ನ ಹಿಂದಿನ ಎಡಗಡೆ ಜೋಡಿ ಚಕ್ರ ಮೋರಿಯೊಳಗೆ ಇಳಿದೇ ಬಿಟ್ಟಿತು.

ಡ್ರೈವರ್ ಸಣ್ಣ ಹುಡುಗ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ರಸ್ತೆ ಪಕ್ಕದ ಧರೆಗೆ ಒರಗಿ ಕೂತಿದ್ದ, ಕೈ ನಡುಗುತ್ತಿತ್ತು. ನಮ್ಮ ಮನೆಯವರು ಕಾಫಿ ತಂದುಕೊಟ್ಟರು. ಲೋಟ ಹಿಡಿಯಲು ಆಗುತ್ತಿರಲಿಲ್ಲ ಅವನಿಗೆ. ಅವನು ಹೇಳಿದ್ದು ಇಷ್ಟೇ: "ಸಾಕು ಅಂತ ನಾನು ಕೈ ಮಾಡಿದೆ ಅಣ್ಣ. ಲೋಡರ್‌ನವನು ಮತ್ತೆ ಎರಡು ಬಕೆಟ್ ಸುರಿದ. ಮಾಲೀಕರಿಗೆ ಫೋನ್ ಮಾಡಿದೆ. ಹಾಕಿಸಿಕೊಂಡು ಬಾ ಅಂದರು."

ಸಂಜೆ ಎರಡು ಜೆಸಿಬಿ ತಂದು ಎಳೆದರು. ಆಮೇಲೆ ಒಂಬತ್ತು ಕಿಲೋಮೀಟರ್ ಆಚೆಯ ರೈಸ್ ಮಿಲ್ಲಿನ ವೇಬ್ರಿಡ್ಜ್‌ಗೆ ಒಯ್ದು ತೂಗಿದರು. ಆರ್‌ಸಿ, ಅಂದರೆ ನೋಂದಣಿ ಪತ್ರದ ಪ್ರಕಾರ ಗಾಡಿ, ಮಾಲು ಸೇರಿ ಒಟ್ಟು 18,500 ಕೆ.ಜಿ. ಇರಬಹುದು. ಚೀಟಿಯಲ್ಲಿ ಬಂದದ್ದು 24,500. ಆರು ಟನ್ ಜಾಸ್ತಿ. ಕೇಸ್ ಬಿದ್ದದ್ದು ಆ ಹುಡುಗನ ಹೆಸರಿಗೆ.

ನನ್ನ ಪ್ರಶ್ನೆ ಒಂದೇ. ತೂಕ ರಸ್ತೆಯಲ್ಲಿ ಜಾಸ್ತಿ ಆಗುವುದಿಲ್ಲ ಅಲ್ವಾ? ತುಂಬುವ ಜಾಗದಲ್ಲೇ ಆಗುವುದು. ಹಾಗಿದ್ದ ಮೇಲೆ ನಾವು ರಸ್ತೆಯಲ್ಲಿ ಮಾತ್ರ ಯಾಕೆ ಹಿಡಿಯುತ್ತೇವೆ? ಆ ಕೊನೆಯ ಎರಡು ಬಕೆಟ್ ಹಾಕಿದವರು, ಹಾಕಿಸಿದವರು ಯಾರ ಲೆಕ್ಕದಲ್ಲೂ ಬರುವುದಿಲ್ಲವಾ?

ಲಾರಿ ಡ್ರೈವರ್, ಶಿವಮೊಗ್ಗ

ಅಣ್ಣ, ಆ ಹುಡುಗನಿಗೆ ಕಾಫಿ ಕೊಟ್ಟಿರಲ್ಲ, ನಿಮಗೆ ಪುಣ್ಯ ಬರಲಿ. ಸಾಧಾರಣವಾಗಿ ಇಂಥ ಜಾಗದಲ್ಲಿ ನಮಗೆ ಮೊದಲು ಸಿಗುವುದು ಏಟು.

ನಾನು 22 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಹೆಚ್ಚಾಗಿ ಶಿವಮೊಗ್ಗ, ಹೊಸನಗರ, ನಗರ, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿದು ಕುಂದಾಪುರ. ಆಗುಂಬೆಯ 14 ತಿರುವುಗಳಲ್ಲಿ ನಮ್ಮಂಥ ಲಾರಿ ಬಿಡುವುದಿಲ್ಲ. ಹುಲಿಕಲ್ಲೇ ನಮ್ಮ ದಾರಿ.

ಓವರ್‌ಲೋಡ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ. ಒಂದು ಮಳೆಗಾಲದಲ್ಲಿ ಗೊತ್ತಾಯಿತು. ಗಾಡಿಯಲ್ಲಿ ಪಾಸಿಂಗ್‌ಗಿಂತ, ಅಂದರೆ ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ, ಐದಾರು ಟನ್ ಜಾಸ್ತಿ ಇತ್ತು. ಚಂಡಿಕಾಂಬೆ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದೆ, ಎರಡನೇ ಗೇರಿಗೆ ಹಾಕಿ ಇಳಿಯಲು ಶುರು ಮಾಡಿದೆ. ಖಾಲಿ ಗಾಡಿಯಾದರೆ ಎರಡನೇ ಗೇರಿನಲ್ಲಿ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಅವತ್ತು ಹಿಡಿಯಲಿಲ್ಲ. ಇಂಜಿನ್ ಕೂಗತೊಡಗಿತು. ಬ್ರೇಕ್ ಒತ್ತಿದೆ, ನಿಧಾನ ಆಯಿತು. ಮುಂದಿನ ತಿರುವು. ಮತ್ತೆ ಒತ್ತಿದೆ. ಮೂರನೇ ತಿರುವಿನಲ್ಲಿ ವಾಸನೆ ಬಂತು. ಸುಟ್ಟ ರಬ್ಬರಿನ ಹಾಗೆ ಅಲ್ಲ ಅದು, ಬಾಣಲೆಯಲ್ಲಿ ಏನೋ ಕರಟಿಹೋದ ಹಾಗೆ. ಬ್ರೇಕ್ ಲೈನರ್ ಕಾದ ವಾಸನೆ. ಕ್ಲೀನರ್ ಹುಡುಗ ನನ್ನ ಮುಖ ನೋಡಿದ. ಪೆಡಲ್ ಎಷ್ಟು ಒತ್ತಿದರೂ ಮೊದಲಿನಷ್ಟು ಹಿಡಿಯುತ್ತಿರಲಿಲ್ಲ. ಎದುರಿಗೆ ಬಸ್ಸು ಬಂತು. ಬಸ್ಸಿನವರು ನಮ್ಮ ಹೆಡ್‌ಲೈಟ್ ನೋಡಿ ಕೆಳಗೇ ನಿಂತುಕೊಂಡರು, ಅದರಿಂದ ಬದುಕಿದೆ. ಧರೆಯ ಕಡೆಯ ಚರಂಡಿಗೆ ಎಡಗಡೆ ಚಕ್ರ ಇಳಿಸಿ ಉಜ್ಜಿಸಿಕೊಂಡು ನಿಲ್ಲಿಸಿದೆ. ಕೆಳಗಿಳಿದು ನೋಡಿದರೆ ಬ್ರೇಕ್ ಡ್ರಮ್ ಮೇಲೆ ಬಿದ್ದ ಮಳೆ ಚುಂಯ್ ಅಂತ ಹಬೆ ಆಗುತ್ತಿತ್ತು.

ಆ ಬಸ್ಸಿನಲ್ಲಿ ಎಷ್ಟು ಜನ ಇದ್ದರೋ. ಈಗಲೂ ಆ ತಿರುವು ದಾಟುವಾಗ ನೆನಪಾಗುತ್ತದೆ.

ಗ್ಯಾರೇಜ್ ಮೆಕ್ಯಾನಿಕ್, ಭದ್ರಾವತಿ

ಡ್ರೈವರ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಎಷ್ಟು ಒತ್ತಿದರೂ ಬ್ರೇಕ್ ಯಾಕೆ ಹಿಡಿಯಲಿಲ್ಲ ಅಂತ ಹೇಳುತ್ತೇನೆ. ಚಕ್ರದ ಜೊತೆ ತಿರುಗುವ ಡ್ರಮ್ ಕಾದರೆ ಹಿಗ್ಗುತ್ತದೆ. ಅದನ್ನು ಒಳಗಿಂದ ಒತ್ತಿ ಹಿಡಿಯುವ ಲೈನರ್‌ಗೂ ಡ್ರಮ್‌ಗೂ ನಡುವೆ ಜಾಗ ಜಾಸ್ತಿ ಆಗುತ್ತದೆ. ಏರ್ ಬ್ರೇಕಿನ ಪುಶ್‌ರಾಡ್ (ಗಾಳಿಯ ಒತ್ತಡಕ್ಕೆ ಮುಂದೆ ತಳ್ಳುವ ಸಲಾಕೆ) ಇಷ್ಟೇ ಉದ್ದ ಹೋಗಬೇಕು ಅಂತ ಮಿತಿ ಇದೆ. ಅದು ಲೈನರನ್ನು ಡ್ರಮ್‌ಗೆ ಗಟ್ಟಿಯಾಗಿ ಒತ್ತುವಷ್ಟರಲ್ಲಿ ಅದರ ಓಟವೇ ಮುಗಿದಿರುತ್ತದೆ. ಜೊತೆಗೆ ಕಾದ ಲೈನರ್ ಹಿಡಿಯುವುದೂ ಇಲ್ಲ, ಜಾರುತ್ತದೆ. ಪದೇ ಪದೇ ಒತ್ತಿದರೆ ಟ್ಯಾಂಕಿನ ಗಾಳಿ ಬೇರೆ ಇಳಿಯುತ್ತದೆ.

ನಮ್ಮ ಗ್ಯಾರೇಜಿಗೆ ಬಂದು "ಎರಡು ಪಾಟಾ ಜಾಸ್ತಿ ಹಾಕು, ಗಾಡಿ ಕೂರುತ್ತಿದೆ" ಅಂತಾರೆ. ಪಾಟಾ ಅಂದರೆ ಸ್ಪ್ರಿಂಗ್ ಪಟ್ಟಿ. ಪಾಟಾ ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ, ನೋಡಲು ನೆಟ್ಟಗೆ ಕಾಣುತ್ತದೆ. ಆದರೆ ಆಕ್ಸಲ್ (ಚಕ್ರಗಳ ಅಚ್ಚು) ಹೌಸಿಂಗ್ ಅದೇ. ಡ್ರಮ್ ಅದೇ. ಟೈರ್ ಅದೇ, ಅದೂ ಎಷ್ಟೋ ಸಲ ರಿಸೋಲ್ (ಸವೆದದ್ದಕ್ಕೆ ಹೊಸ ರಬ್ಬರ್) ಮಾಡಿಸಿದ್ದು. ಹೆಚ್ಚಿದ್ದು ಹೊರುವ ಧೈರ್ಯ ಮಾತ್ರ, ನಿಲ್ಲಿಸುವ ಶಕ್ತಿ ಅಲ್ಲ. ಹಿಂದೆ ತೀರಾ ಭಾರವಾದರೆ ಮುಂದಿನ ಚಕ್ರದ ಮೇಲೆ ಒತ್ತು ಕಡಿಮೆ ಆಗಿ ಸ್ಟೇರಿಂಗ್ ಹಗುರವಾಗುತ್ತದೆ. ಏರು ಹತ್ತುವಾಗ ಡ್ರೈವರ್‌ಗಳಿಗೆ ಅದು ಕೈಗೆ ಗೊತ್ತಾಗುತ್ತದೆ.

ಎರಡು ವರ್ಷದಿಂದ ನಾನು ಪಾಟಾ ಸೇರಿಸುವ ಕೆಲಸ ಬಿಟ್ಟಿದ್ದೇನೆ. ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾರೆ, ಹೋಗಲಿ.

ಸಾಗರದ ಟಿಪ್ಪರ್ ಮಾಲೀಕ

ಬೈಯುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಎರಡು ಗಾಡಿ ಇದೆ. ಎರಡಕ್ಕೂ ಕಂತು. ನಾನೂ ಓವರ್‌ಲೋಡ್ ಹಾಕಿಸಿದ್ದೇನೆ, ಇಲ್ಲ ಅನ್ನುವುದಿಲ್ಲ.

ಯಾಕೆ ಅಂತ ಕೇಳಿ. ನಮ್ಮ ಕಡೆ ಬಾಡಿಗೆ ಟನ್ ಲೆಕ್ಕದಲ್ಲಿ ಇಲ್ಲ. ಲೋಡ್ ಲೆಕ್ಕ. ಮನೆ ಕಟ್ಟುವವರು ಫೋನ್ ಮಾಡಿ "ಒಂದು ಲೋಡ್ ಎಂ-ಸ್ಯಾಂಡ್ ಎಷ್ಟು?" ಅಂತ ಕೇಳುತ್ತಾರೆ. "ಎಷ್ಟು ಟನ್?" ಅಂತ ಒಬ್ಬರೂ ಕೇಳಿಲ್ಲ ಮಾರಾಯ್ರೆ. ಪಕ್ಕದವನು ಟಿಪ್ಪರ್ ಬಾಡಿಯ ಸುತ್ತ ಹಲಗೆ ಕಟ್ಟಿ ಎತ್ತರಿಸಿಕೊಂಡು ಅದೇ ರೇಟಿಗೆ ಒಂದೂವರೆಯಷ್ಟು ತಂದು ಸುರಿದರೆ ಗಿರಾಕಿ ಅವನಿಗೆ. ನಾನು ಪಾಸಿಂಗ್ ಲೋಡ್ ಹಾಕಿದರೆ ಗಾಡಿ ಮನೆ ಮುಂದೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಒಂದು ಸಲ ಏನಾಯಿತು ಅಂದರೆ, ನಮ್ಮ ಕಡೆ ಒಂದು ವಾರ ಬಿಗಿ ತಪಾಸಣೆ ನಡೆಯಿತು. ಎಲ್ಲರೂ ಪಾಸಿಂಗ್ ಲೋಡೇ ಹಾಕಿದೆವು. ಟ್ರಿಪ್ ಜಾಸ್ತಿ ಆಯಿತು, ಗಾಡಿ ಸಾಕಾಗಲಿಲ್ಲ, ಬಾಡಿಗೆ ತಾನಾಗಿ ಏರಿತು. ಆ ವಾರ ನನಗೆ ಉಳಿದದ್ದು ಓವರ್‌ಲೋಡ್ ಹಾಕಿದ ವಾರಕ್ಕಿಂತ ಕಡಿಮೆ ಏನೂ ಇರಲಿಲ್ಲ. ಟೈರ್ ಸವೆತ ಇಲ್ಲ, ಡೀಸೆಲ್ ಕಡಿಮೆ, ರಾತ್ರಿ ನಿದ್ದೆ ಬಂತು. ಎಂಟನೇ ದಿನ ತಪಾಸಣೆ ನಿಂತಿತು. ಒಂಬತ್ತನೇ ದಿನ ಹಲಗೆಗಳು ಮತ್ತೆ ಮೇಲೆದ್ದವು. ಎಲ್ಲರೂ ಒಟ್ಟಿಗೆ ನಿಲ್ಲಿಸುವಂತೆ ಮಾಡಿ, ನಾನು ಮೊದಲು ನಿಲ್ಲಿಸುತ್ತೇನೆ. ಒಬ್ಬನೇ ನಿಲ್ಲಿಸು ಅಂದರೆ ಹೇಗೆ?

ರಿಪ್ಪನ್‌ಪೇಟೆ ಕಡೆಯ ಒಬ್ಬ ತಾಯಿ

ಮಾಲೀಕರೇ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ನನ್ನ ಮಗಳು ದಿನಾ ಬೆಳಿಗ್ಗೆ ಅದೇ ರಸ್ತೆಯಲ್ಲಿ ಬಸ್ಸಿಗೆ ನಡೆದುಹೋಗುತ್ತಾಳೆ. ಟಾರ್ಪಾಲ್ ಹೊದಿಸದ ಗಾಡಿಯಿಂದ ಜಲ್ಲಿ ಉದುರುತ್ತದೆ. ಒಂದು ಸಲ ಅವಳ ಕೆನ್ನೆಗೆ ಬಡಿದಿದೆ. ಕಣ್ಣಿಗೂ ಕೆನ್ನೆಗೂ ಎಷ್ಟು ದೂರ ಹೇಳಿ. ನೀವು ಕಂತಿನ ಲೆಕ್ಕ ಹಾಕುತ್ತೀರಿ, ನಾನು ಆ ಎರಡು ಇಂಚಿನ ಲೆಕ್ಕ ಹಾಕುತ್ತೇನೆ.

ಸಾಗರದ ಟಿಪ್ಪರ್ ಮಾಲೀಕ

ತಪ್ಪಾಯಿತು ಅಕ್ಕ. ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಎರಡೂ ಗಾಡಿಗೆ ನಾಳೆಯಿಂದ ಟಾರ್ಪಾಲ್ ಹೊದಿಸದೆ ಬಿಡುವುದಿಲ್ಲ. ಇದಕ್ಕೆ ಯಾರ ಜೊತೆಯೂ ಬೇಕಿಲ್ಲ.

ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ

ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ಮೋರಿ ಯಾಕೆ ಕುಸಿಯಿತು ಅನ್ನುವುದಕ್ಕೆ ಲೆಕ್ಕ ಕೊಡುತ್ತೇನೆ.

ರಸ್ತೆಗೆ ಗಾಡಿಯ ಒಟ್ಟು ತೂಕಕ್ಕಿಂತ ಒಂದೊಂದು ಆಕ್ಸಲ್ ಮೇಲೆ ಬೀಳುವ ಭಾರ ಮುಖ್ಯ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಇದಕ್ಕೆಂದೇ ರಸ್ತೆ ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಲಾರಿ ಓಡಿಸಿ ನೋಡಿದರು. ಅಲ್ಲಿಂದ ಬಂದ ಲೆಕ್ಕವನ್ನೇ ನಾವು ಇವತ್ತಿಗೂ ಹೆಚ್ಚುಕಡಿಮೆ ಹಿಡಿದುಕೊಂಡಿದ್ದೇವೆ. ಆಕ್ಸಲ್ ಭಾರ ಎಷ್ಟು ಪಟ್ಟು ಹೆಚ್ಚುತ್ತದೋ ಆ ಸಂಖ್ಯೆಯನ್ನೇ ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದಷ್ಟು ಪಟ್ಟು ಹಾನಿ ಹೆಚ್ಚುತ್ತದೆ. ನೂರಕ್ಕೆ ಇಪ್ಪತ್ತು ಭಾರ ಜಾಸ್ತಿ ಹಾಕಿದರೆ ಹಾನಿ ಎರಡು ಪಟ್ಟು. ಒಂದೂವರೆ ಪಟ್ಟು ಹಾಕಿದರೆ ಐದು ಪಟ್ಟು. ಹೋಲಿಕೆಗೆ ಹೇಳುವುದಾದರೆ, ಅರ್ಧ ಟನ್ ಭಾರದ ಕಾರಿನ ಆಕ್ಸಲ್ ಎದುರು ಹತ್ತು ಟನ್ನಿನ ಲಾರಿ ಆಕ್ಸಲ್ ಇಟ್ಟರೆ ಈ ಲೆಕ್ಕದಲ್ಲಿ 1,60,000 ಪಟ್ಟು. ಅಂದರೆ ನಿಮ್ಮ ಊರಿನ ಕಾರುಗಳೆಲ್ಲ ವರ್ಷಗಟ್ಟಲೆ ಓಡಾಡಿದರೂ ಆಗದ ಸವೆತವನ್ನು ಟಿಪ್ಪರ್‌ಗಳು ಒಂದು ಬೇಸಿಗೆಯಲ್ಲಿ ಮಾಡುತ್ತವೆ.

ಇನ್ನೊಂದು ಮಾತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ನಾಲ್ಕು ಟೈರಿನ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಸಿಕ್ಸ್ ವೀಲ್ ಗಾಡಿಯ ಒಟ್ಟು ತೂಕ 16.2ರಿಂದ 18.5 ಟನ್ ಆಯಿತು. ಕಾನೂನಾಗಿಯೇ ಇಷ್ಟು ಹೊರಬಹುದು ಅಂತ ಆದ ಮೇಲೆ ಓವರ್‌ಲೋಡ್ ನಿಲ್ಲಬೇಕಿತ್ತು. ಎಷ್ಟೋ ಕಡೆ ಹೊಸ ಮಿತಿಯ ಮೇಲೆ ಹಳೇ ಚಾಳಿ ಕೂತುಕೊಂಡಿತು. ಆದರೆ ಮೋರಿ, ಕಿರುಸೇತುವೆಗಳನ್ನು ಯಾರೂ ಹೊಸದಾಗಿ ಕಟ್ಟಲಿಲ್ಲ. ನಮ್ಮ ಒಳ ರಸ್ತೆಗಳು ಮೂರೂಮುಕ್ಕಾಲು ಮೀಟರ್ ಅಗಲದವು, ಕಡಿಮೆ ಗಾಡಿ ಓಡಾಡುತ್ತವೆ ಅಂತ ಲೆಕ್ಕ ಹಾಕಿ ಮಾಡಿದವು.

ಅದರ ಮೇಲೆ ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಯ ಹೊಟ್ಟೆಗೆ ಇಳಿಯುತ್ತದೆ. ಒದ್ದೆ ಮಣ್ಣಿನ ಮೇಲೆ ಕೂತ ಡಾಂಬರು ಭಾರಕ್ಕೆ ಬಾಗುತ್ತದೆ, ಭಾರ ಮಿತಿ ಮೀರಿದರೆ ಒಡೆಯುತ್ತದೆ. ಹೊಸನಗರದವರೇ, ನಿಮ್ಮ ಮೋರಿ ಭಾನುವಾರ ಕುಸಿದದ್ದಲ್ಲ. ದೀಪಾವಳಿಯಿಂದಲೇ ಕುಸಿಯುತ್ತಿತ್ತು.

ಶಿಕಾರಿಪುರದ ಜೋಳದ ರೈತ

ರೈತರ ಲಾರಿ, ಟ್ರ್ಯಾಕ್ಟರ್ ಹಿಡಿಯಲು ಮಾತ್ರ ಹೊರಡಬೇಡಿ. ಜೋಳದ ಸುಗ್ಗಿಯಲ್ಲಿ ನಮಗೆ ಸಿಗುವುದೇ ಹತ್ತು ಹದಿನೈದು ದಿನ. ಮಳೆ ಬಂದರೆ ಕಣದಲ್ಲೇ ಮೊಳಕೆ.

ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ

ನಿಮ್ಮ ಅವಸರ ಒಪ್ಪುತ್ತೇನೆ. ಆದರೆ ರಸ್ತೆಗೆ ಜೋಳ ಯಾವುದು ಜಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಮೋರಿ ಮುರಿದರೆ ನಿಮ್ಮ ಜೋಳವೂ ಆಚೆ ದಡದಲ್ಲೇ ಉಳಿಯುತ್ತದೆ.

ವಕೀಲೆ, ಶಿವಮೊಗ್ಗ

ಮೂಲ ಪ್ರಶ್ನೆಗೆ ಬರುತ್ತೇನೆ. ಲೋಡ್ ಹಾಕಿಸಿದವರು ಕಾನೂನಿನ ಲೆಕ್ಕದಲ್ಲಿ ಬರುವುದಿಲ್ಲವಾ ಅಂತ ಕೇಳಿದ್ದೀರಿ. ಬರುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 113 ಪ್ರಕಾರ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿ ಗಾಡಿ ಓಡಿಸುವಂತಿಲ್ಲ, ಓಡಿಸಲು ಬಿಡುವಂತೆಯೂ ಇಲ್ಲ. ಡ್ರೈವರ್ ಬೇರೆ, ಮಾಲೀಕ ಬೇರೆ ಆಗಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನು ಹೇಳಿದ್ದರಿಂದಲೇ ಇದು ಆಯಿತು ಅಂತ ಕೋರ್ಟು ಭಾವಿಸಬಹುದು ಎಂದು ಅದೇ ಸೆಕ್ಷನ್ ಹೇಳುತ್ತದೆ. ಸೆಕ್ಷನ್ 194 ದಂಡದ್ದು. ಅದರಲ್ಲಿ ಓಡಿಸುವವನು ಮಾತ್ರ ಅಲ್ಲ, ಓಡಿಸಲು ಕಾರಣನಾದವನು, ಓಡಿಸಲು ಬಿಟ್ಟವನು ಎಲ್ಲರೂ ಇದ್ದಾರೆ. ಆ ಹುಡುಗನ ಹೆಸರಿಗೆ ಮಾತ್ರ ಕೇಸ್ ಬಿದ್ದಿದ್ದರೆ ಅದು ಕಾನೂನಿನ ಕೊರತೆ ಅಲ್ಲ, ಕಾನೂನನ್ನು ಅರ್ಧ ಓದಿದ್ದರ ಫಲ.

ದಂಡ ಎಷ್ಟು ಅಂದರೆ, 2019ರ ಸೆಪ್ಟೆಂಬರ್ 1ಕ್ಕೆ ಮೊದಲು 2,000 ರೂಪಾಯಿ, ಜಾಸ್ತಿ ಇರುವ ಪ್ರತಿ ಟನ್ನಿಗೆ 1,000. ತಿದ್ದುಪಡಿ ಆದ ಮೇಲೆ ಕಾಯ್ದೆಯಲ್ಲಿ 20,000, ಪ್ರತಿ ಟನ್ನಿಗೆ 2,000. ನೀವು ಹೇಳಿದ ಗಾಡಿಯಲ್ಲಿ ಆರು ಟನ್ ಜಾಸ್ತಿ ಇತ್ತು. ಕಾಯ್ದೆಯ ಲೆಕ್ಕದಲ್ಲಿ 32,000 ಆಗುತ್ತದೆ. ಜಾಸ್ತಿ ಇರುವ ಮಾಲನ್ನು ಇಳಿಸುವ ಖರ್ಚು ಬೇರೆ. ಗಾಡಿ ನಿಲ್ಲಿಸದೆ ಹೋದರೆ, ತೂಗಲು ಒಪ್ಪದಿದ್ದರೆ, ತೂಗುವ ಮೊದಲೇ ಮಾಲು ಇಳಿಸಿಬಿಟ್ಟರೆ 40,000. ಬಾಡಿಯ ಪಕ್ಕಕ್ಕೆ, ಹಿಂದೆ ಮುಂದೆ, ಮೇಲೆ ಮಿತಿ ಮೀರಿ ಮಾಲು ಚಾಚಿದ್ದರೆ ಅದಕ್ಕೂ 20,000.

ಎಲ್ಲಕ್ಕಿಂತ ಮುಖ್ಯ, ದಂಡ ಕಟ್ಟಿಬಿಟ್ಟರೆ ಅದೇ ಲೋಡಿನಲ್ಲಿ ಮುಂದೆ ಹೋಗಬಹುದು ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ. 2005ರಲ್ಲೇ ಸುಪ್ರೀಂ ಕೋರ್ಟ್ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಕೆಲವು ರಾಜ್ಯಗಳು ಹಣ ಕಟ್ಟಿಸಿಕೊಂಡು ಓವರ್‌ಲೋಡ್ ಗಾಡಿ ಬಿಡುತ್ತಿದ್ದವು. ಅದನ್ನು ಕೋರ್ಟ್ ಒಪ್ಪಲಿಲ್ಲ. ಜಾಸ್ತಿ ಮಾಲು ಇಳಿಸಿದ ಮೇಲೆಯೇ ಗಾಡಿ ಹೊರಡಬೇಕು. 2019ರ ತಿದ್ದುಪಡಿಯಲ್ಲಿ ಈ ಮಾತು ಕಾಯ್ದೆಯೊಳಗೇ ಸೇರಿದೆ.

ಡ್ರೈವರ್ ಅಣ್ಣಂದಿರಿಗೆ ಇನ್ನೊಂದು ವಿಷಯ. 2015ರಿಂದ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ, ಓವರ್‌ಲೋಡ್ ಮಾಡಿದವರ ಮತ್ತು ಸರಕು ಗಾಡಿಯಲ್ಲಿ ಜನರನ್ನು ಕೂರಿಸಿದವರ ಡ್ರೈವಿಂಗ್ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ರಾಜ್ಯಗಳಿಗೆ ಹೇಳಿದೆ. ಮಾಲೀಕ ದಂಡ ಕಟ್ಟಿ ಕೈ ತೊಳೆದುಕೊಳ್ಳಬಹುದು. ಮೂರು ತಿಂಗಳ ಊಟ ಹೋಗುವುದು ನಿಮ್ಮದು.

ಲಾರಿ ಡ್ರೈವರ್, ಶಿವಮೊಗ್ಗ

ಮೇಡಂ, ಇಳಿಸಿಯೇ ಹೋಗಬೇಕು ಅಂತ ಕಾನೂನು ಇರುವುದು ಸರಿ. ಒಂದು ಸಲ ನನಗೆ ಹಾಗೆ ಆಗಿದೆ. ಅಕ್ಕಿ ಮೂಟೆ, ರಾತ್ರಿ ಹತ್ತು ಗಂಟೆ, ಜಡಿಮಳೆ. ಎಲ್ಲಿ ಇಳಿಸಲಿ? ಹಮಾಲಿಗಳು ಎಲ್ಲಿ? ಮೂಟೆ ಕಾಯುವವರು ಯಾರು? ನೆಂದರೆ ನನ್ನ ತಲೆಗೆ. ಬ್ರೇಕ್ ಇನ್‌ಸ್ಪೆಕ್ಟರ್ (ಗಾಡಿ ತಪಾಸಣೆ ಮಾಡುವ ಆರ್‌ಟಿಒ ಅಧಿಕಾರಿ) ಒಳ್ಳೆಯವರು, ಅವರಿಗೂ ಏನು ಮಾಡಬೇಕು ತೋಚಲಿಲ್ಲ. ಇಡೀ ರಾತ್ರಿ ಗಾಡಿಯಲ್ಲೇ ಕೂತು ಬೆಳಿಗ್ಗೆ ಇನ್ನೊಂದು ಗಾಡಿ ತರಿಸಿ ಮಾಲು ಬದಲಾಯಿಸಿದೆವು. ತಪಾಸಣೆ ಮಾಡುವ ಜಾಗದಲ್ಲಿ ಒಂದು ಶೆಡ್ಡು, ಒಂದು ಲೈಟು, ಗಾಡಿ ನಿಲ್ಲಿಸಲು ಜಾಗ ಇರಬೇಕು. ಇಲ್ಲದಿದ್ದರೆ "ಹೋಗಲಿ ಬಿಡಿ" ಅನ್ನುವುದು ಶುರುವಾಗುವುದೇ ಅಲ್ಲಿ.

ನಿದ್ದೆಯ ವಿಷಯವನ್ನೂ ಯಾರಾದರೂ ಕೇಳಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತಂತೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ ಗಂಟೆ ಯಾರು ಎಣಿಸುತ್ತಾರೆ?

ವಕೀಲೆ, ಶಿವಮೊಗ್ಗ

ಅಣ್ಣ, ನೀವು ಹೇಳಿದ ಶೆಡ್ಡಿನ ಮಾತು ನನಗೆ ಹೊಳೆದೇ ಇರಲಿಲ್ಲ. ಸರಿಯಾದ ಮಾತು.

ತೂಗುವ ಯಂತ್ರದ್ದೂ ಇದೇ ಕಥೆ. ಸೆಕ್ಷನ್ 114 ಪ್ರಕಾರ ಅಧಿಕಾರಿಗೆ ಓವರ್‌ಲೋಡ್ ಅಂತ ಅನುಮಾನ ಬಂದರೆ ಗಾಡಿಯನ್ನು ತೂಗಲು ಕಳಿಸಬಹುದು. ಆದರೆ ವೇಬ್ರಿಡ್ಜ್ ಗಾಡಿ ಹೋಗುವ ದಾರಿಯಲ್ಲಿ 10 ಕಿಲೋಮೀಟರ್ ಒಳಗೆ ಅಥವಾ ಅದು ತಲುಪುವ ಊರಿನಿಂದ 20 ಕಿಲೋಮೀಟರ್ ಒಳಗೆ ಇರಬೇಕು. ಹೊಸನಗರದ ಗಾಡಿಗೆ ಒಂಬತ್ತು ಕಿಲೋಮೀಟರಿನಲ್ಲಿ ಸಿಕ್ಕಿತು. ಕಾಡಿನ ನಡುವಿನ ಎಷ್ಟೋ ರಸ್ತೆಗಳಲ್ಲಿ ಸಿಗುವುದಿಲ್ಲ. ತೂಕದ ಚೀಟಿ ಇಲ್ಲದೆ ಕಣ್ಣಳತೆಯಲ್ಲಿ ಹಾಕಿದ ಕೇಸ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಚಕ್ರದ ಕೆಳಗೆ ಇಟ್ಟು ತೂಗುವ ಪ್ಯಾಡ್‌ಗಳಿವೆ. ಜೀಪಿನಲ್ಲಿ ಹಾಕಿಕೊಂಡು ಹೋಗಬಹುದು. ಮಲೆನಾಡಿಗೆ ಬೇಕಾದದ್ದು ಅವು.

ಅಬ್ಬಲಗೆರೆ ಕಡೆಯವಳು

ತೂಕದ ಜೊತೆಗೆ ಏನು ತುಂಬಿದ್ದಾರೆ ಅನ್ನುವುದನ್ನೂ ನೋಡಬೇಕು. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಜಿಲೆಟಿನ್ (ಬಂಡೆ ಸಿಡಿಸುವ ಸ್ಫೋಟಕ) ತುಂಬಿದ್ದ ಲಾರಿ ಸಿಡಿಯಿತು. ಆ ಹೊತ್ತಿನಲ್ಲಿ ನಾವು ಊಟ ಮುಗಿಸಿ ಮಲಗುವುದರಲ್ಲಿದ್ದೆವು. ಕಿಟಕಿ ಗಾಜು ಅಲುಗಿತು, ಅಟ್ಟದ ಮೇಲಿನ ಪಾತ್ರೆ ಕೆಳಗೆ ಬಿತ್ತು. ಭೂಕಂಪ ಅಂತ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಚಿಕ್ಕಮಗಳೂರಿನ ತನಕ ಆ ನಡುಕ ಗೊತ್ತಾಗಿತ್ತು. ಸತ್ತವರು ಕೆಲಸಕ್ಕೆ ಬಂದವರು, ಯಾರದೋ ಮನೆಯ ಮಕ್ಕಳು. ಅಂಥ ಸರಕು ಹೊತ್ತ ಲಾರಿ ಊರೂರು ದಾಟಿಕೊಂಡು ಬರುವಾಗ ಎಲ್ಲಾದರೂ ಒಂದು ಕಡೆ ಯಾರಾದರೂ ನಿಲ್ಲಿಸಿ ಟಾರ್ಪಾಲ್ ಎತ್ತಿ ನೋಡಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಬೈಕಿನಲ್ಲಿ ಓಡಾಡುವ ಮೇಷ್ಟ್ರು, ಕೊಪ್ಪ

ನಾನು ಒಂದೇ ವಿಷಯ ಹೇಳುತ್ತೇನೆ. ಮಂಜು ಮುಸುಕಿದ ಬೆಳಿಗ್ಗೆ ತಿರುವಿನಲ್ಲಿ ಕೆಟ್ಟು ನಿಂತ ಲಾರಿ ಕಾಣುವುದೇ ಇಲ್ಲ. ಹೊಳೆಯುವ ಟೇಪ್ ಕಡ್ಡಾಯ ಇದೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಎಷ್ಟೋ ಗಾಡಿಗಳಲ್ಲಿ ಟೇಪ್ ಇದ್ದರೂ ಅದರ ಮೇಲೆ ಕೆಸರು ಮೆತ್ತಿರುತ್ತದೆ. ನೀಲಗಿರಿ, ಅಕೇಶಿಯ ದಿಮ್ಮಿ ಹೊತ್ತ ಲಾರಿಗಳಲ್ಲಿ ಹಿಂದೆ ಚಾಚಿದ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತಾರೆ, ಅದೂ ಮಳೆಯಲ್ಲಿ ನೆಂದು ಕಪ್ಪಾಗಿರುತ್ತದೆ. ಡ್ರೈವರ್ ಅಣ್ಣಂದಿರೇ, ಹೊರಡುವ ಮೊದಲು ಒಂದು ಒದ್ದೆ ಬಟ್ಟೆಯಲ್ಲಿ ಹಿಂದಿನ ಟೇಪ್ ಒರೆಸಿ. ಅದರಿಂದ ನಾನು ಮನೆಗೆ ತಲುಪುತ್ತೇನೆ.

ಮನೆ ಕಟ್ಟಿಸಿದವನು, ಶಿವಮೊಗ್ಗ

ಇದನ್ನೆಲ್ಲ ಓದುತ್ತ ನನಗೆ ಕಸಿವಿಸಿ ಆಗುತ್ತಿದೆ. ಹೋದ ವರ್ಷ ಮನೆ ಕಟ್ಟಿಸಿದೆ. ಒಬ್ಬ ಡ್ರೈವರ್ ಬಾಡಿ ಮಟ್ಟಕ್ಕೆ ಸಮ ತುಂಬಿದ ಗಾಡಿ ತಂದ. ನಾನು "ಇದೇನಪ್ಪ ಅರ್ಧ ಲೋಡು, ಹಿಂದಿನವನು ಗೋಪುರ ಮಾಡಿಕೊಂಡು ಬಂದಿದ್ದ" ಅಂತ ಜಗಳ ಮಾಡಿದೆ. ಅವನು ಏನೂ ಹೇಳದೆ ಸುರಿದು ಹೋದ. ಮುಂದಿನ ಸಲ ಅವನನ್ನು ಕರೆಯಲಿಲ್ಲ. ಸರಿಯಾಗಿ ತಂದವನು ಅವನೊಬ್ಬನೇ ಇರಬೇಕು. ಕೊನೆಯ ಎರಡು ಬಕೆಟ್ ಹಾಕಿಸಿದವರಲ್ಲಿ ನಾನೂ ಒಬ್ಬ.

ಸಾಗರದ ಟಿಪ್ಪರ್ ಮಾಲೀಕ

ಸರ್, ನೀವು ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ಎಲ್ಲರೂ ಟನ್ ಲೆಕ್ಕದಲ್ಲಿ ಕೊಂಡರೆ ಗೋಪುರ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಚೀಟಿಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ದುಡ್ಡು. ನಿಮಗೂ ಮೋಸ ಇಲ್ಲ, ಒದ್ದೆ ಮರಳಿನ ನೀರಿಗೆ ದುಡ್ಡು ಕೊಟ್ಟೆನಾ ಅಂತ ಮಾತ್ರ ನೋಡಿಕೊಳ್ಳಬೇಕು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಜಲ್ಲಿ, ಎಂ-ಸ್ಯಾಂಡಿಗೆ ಗಣಿ ಇಲಾಖೆಯ ಪರ್ಮಿಟ್ ಇರುತ್ತದೆ, ನಾವು ಎಂಡಿಪಿ ಅನ್ನುತ್ತೇವೆ. ಅದರಲ್ಲಿ ಎಷ್ಟು ಟನ್, ಯಾವ ಗಾಡಿ, ಎಲ್ಲಿಂದ ಎಲ್ಲಿಗೆ ಎಲ್ಲ ಬರೆದಿರುತ್ತದೆ. ರಾಯಲ್ಟಿ ಟನ್ ಲೆಕ್ಕದಲ್ಲೇ. ಪರ್ಮಿಟ್‌ನಲ್ಲಿ ಹತ್ತು ಟನ್ ಇದ್ದು ಗಾಡಿಯಲ್ಲಿ ಹದಿನಾರು ಇದ್ದರೆ ಆರು ಟನ್ನಿನ ರಾಯಲ್ಟಿ ಸರ್ಕಾರಕ್ಕೆ ಬಂದಿಲ್ಲ ಅಂತ ಅರ್ಥ. ಅಂದರೆ ತುಂಬುವ ಜಾಗದಲ್ಲೇ ತೂಕದ ಕಾಗದ ಹುಟ್ಟುತ್ತದೆ. ಆ ಕಾಗದ ಮತ್ತು ವೇಬ್ರಿಡ್ಜ್ ಚೀಟಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಯಾರು ಹಾಕಿದರು ಅನ್ನುವುದು ಗೊತ್ತಾಗುತ್ತದೆ.

ಗ್ಯಾರೇಜ್ ಮೆಕ್ಯಾನಿಕ್, ಭದ್ರಾವತಿ

ಜೆಸಿಬಿಯ ಮುಂದಿನ ಬಕೆಟ್ ಒಂದಕ್ಕೆ ಸುಮಾರು ಒಂದು ಘನ ಮೀಟರ್. ಎಂ-ಸ್ಯಾಂಡ್ ಒಂದೂಮುಕ್ಕಾಲು ಟನ್ ಹತ್ತಿರ ಆಗುತ್ತದೆ. ಕೊನೆಯ ಎರಡು ಬಕೆಟ್ ಅಂದರೆ ಮೂರೂವರೆ ಟನ್. ಲೋಡರ್‌ನವನಿಗೆ ಅದು ಎರಡು ನಿಮಿಷದ ಕೆಲಸವೂ ಅಲ್ಲ.

ಹೊಸನಗರದ ಅಡಿಕೆ ಬೆಳೆಗಾರ

ಎಲ್ಲರಿಗೂ ಧನ್ಯವಾದ. ನಿನ್ನೆ ನಡೆದದ್ದು ಹೇಳುತ್ತೇನೆ.

ನಾವು ಹನ್ನೊಂದು ಜನ ಪಂಚಾಯ್ತಿಗೆ ಹೋದೆವು. ಬರೆದುಕೊಂಡು ಹೋಗಿದ್ದೆವು. ಒಂದು, ಮೋರಿ ಸರಿ ಆಗುವ ತನಕ ಮತ್ತು ಮಳೆಗಾಲ ಪೂರ್ತಿ ಈ ರಸ್ತೆಯಲ್ಲಿ ಭಾರೀ ಗಾಡಿ ಬೇಡ. ಘಾಟಿಗಳಲ್ಲಿ ಮಳೆಗಾಲಕ್ಕೆ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸುತ್ತಾರಲ್ಲ, ಹಾಗೇ ಒಳ ರಸ್ತೆಗೂ ಕಾಯ್ದೆಯ ಸೆಕ್ಷನ್ 115ರಲ್ಲಿ ಅವಕಾಶ ಇದೆ ಅಂತ ವಕೀಲ ಮೇಡಂ ಫೋನಿನಲ್ಲಿ ಹೇಳಿದ್ದರು. ಎರಡು, ಆ ಹುಡುಗನ ಕೇಸಿನಲ್ಲಿ ಮಾಲೀಕನನ್ನೂ ತುಂಬಿಸಿದ ಕಡೆಯನ್ನೂ ಸೇರಿಸಲು ಆರ್‌ಟಿಒ ಕಚೇರಿಗೆ ಅರ್ಜಿ. ಮೂರು, ಪಂಚಾಯ್ತಿ ಕೆಲಸಕ್ಕೆ ಬರುವ ಜಲ್ಲಿ, ಮರಳಿಗೆ ತೂಕದ ಚೀಟಿ ಮತ್ತು ಎಂಡಿಪಿ ಎರಡೂ ಇಲ್ಲದೆ ಬಿಲ್ ಪಾಸ್ ಮಾಡಬಾರದು.

ಮೂರನೆಯದಕ್ಕೆ ಪಿಡಿಒ ಅಲ್ಲೇ ಒಪ್ಪಿದರು. "ಇದು ನನ್ನ ಕೈಯಲ್ಲೇ ಇದೆ, ಮೊದಲೇ ಯಾಕೆ ಹೊಳೆಯಲಿಲ್ಲವೋ" ಅಂದರು. ಮೊದಲಿನದ್ದು ಮೇಲೆ ಹೋಗಬೇಕು. ಎರಡನೆಯದಕ್ಕೆ ನಾನೇ ಆರ್‌ಟಿಒ ಕಚೇರಿಗೆ ಹೋಗುತ್ತೇನೆ. ಬುಧವಾರ ಬೆಳಿಗ್ಗೆ ಹತ್ತೂವರೆಗೆ. ಆ ಹುಡುಗ ಬರುತ್ತೇನೆ ಅಂದಿದ್ದಾನೆ, ಅವನ ಅಮ್ಮನೂ ಬರುತ್ತಾರಂತೆ. ಕೆಲಸ ಹೋಗಿದೆ ಅವನಿಗೆ. ನಮ್ಮ ಪೈಕಿ ಯಾರಾದರೂ ಜೊತೆಗೆ ಬರುವುದಾದರೆ ನನಗೆ ಧೈರ್ಯ.

ಸಾಗರದ ಟಿಪ್ಪರ್ ಮಾಲೀಕ

ಆ ಹುಡುಗನ ಲೈಸೆನ್ಸ್ ಹೆವಿಯದ್ದೇ ಆಗಿದ್ದರೆ ನನ್ನ ಒಂದು ಗಾಡಿಗೆ ಡ್ರೈವರ್ ಬೇಕು. ಸಾಕು ಅಂತ ಕೈ ಮಾಡುವವನೇ ಬೇಕು. ನನ್ನನ್ನು ಭೇಟಿ ಮಾಡಲು ಹೇಳಿ.

ಲಾರಿ ಡ್ರೈವರ್, ಶಿವಮೊಗ್ಗ

ಬುಧವಾರ ನಾನು ಬರುತ್ತೇನೆ ಅಣ್ಣ. ಒಂದು ಟ್ರಿಪ್ ಬಿಟ್ಟರೂ ಪರವಾಗಿಲ್ಲ. ನನ್ನ ಗಾಡಿ ಪಾಸಿಂಗೂ 18,500. ಇವತ್ತು ಕುಂದಾಪುರಕ್ಕೆ ಹೊರಡುವ ಮೊದಲು ತೂಗಿಸಿದೆ, 18,320 ಬಂತು. ಚೀಟಿ ಜೇಬಿನಲ್ಲಿದೆ, ತರುತ್ತೇನೆ. ಈಗ ಮಾಸ್ತಿಕಟ್ಟೆಯಲ್ಲಿ ಟೀ ಕುಡಿಯುತ್ತಿದ್ದೇನೆ, ಮಳೆ ಸಣ್ಣಗೆ ಹನಿಯುತ್ತಿದೆ. ಹಿಂದಿನ ಟೇಪ್ ಒರೆಸಿ ಇಳಿಯಲು ಶುರು ಮಾಡುತ್ತೇನೆ.